ಚಿಗರಿ ಅಂದರೆ ಬಸ್ಸಲ್ಲ

ಧಾರವಾಡದ ನಮ್ಮ ವನ್ಯಜೀವಿ ಸಂಗ್ರಹಾಲಯಕ್ಕೆ ಅಮರಗೋಳದ ಕಾಳಿನ ವ್ಯಾಪಾರಿ ಸಿದ್ದಪ್ಪನವರು ಅಧ್ಯಕ್ಷರು. ನಾನು ದಾಕ್ಷಾಯಿಣಿ, ಅಲ್ಲಿನ ಮೇಲ್ವಿಚಾರಕಿ. ಅಂದರೆ ಅವರು ಹೇಳುವುದು, ನಾನು ಬೇಡವೆನ್ನುವುದು. ಈ ಸಲ ಜಗಳ ಬಿದ್ದದ್ದು ನಡುಕೋಣೆಯಲ್ಲಿ ಹೊಟ್ಟು ತುಂಬಿ ನಿಲ್ಲಿಸಿದ ಕೃಷ್ಣಮೃಗದ ಮೇಲೆ. ತಿರುಚಿದ ಉದ್ದ ಕೋಡು, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಗಾಜಿನ ಹಿಂದೆ ಒಣಹುಲ್ಲಿನಲ್ಲಿ ನಿಂತಿದೆ. ಅದನ್ನು ಉಗ್ರಾಣಕ್ಕೆ ಹಾಕಿ, ಅಲ್ಲಿ ಡೈನೋಸಾರ್ ನಿಲ್ಲಿಸಬೇಕೆಂದು ಅವರ ಹಟ. ಲಕಮನಹಳ್ಳಿಯಲ್ಲಿ ಯಾರೋ ಫೈಬರಿನದು ಮಾಡಿಟ್ಟಿದ್ದರು. ಗುಂಡಿ ಒತ್ತಿದರೆ ಗರ್ಜಿಸುತ್ತದಂತೆ.

“ಹುಡುಗೂರು ಇದರ ಮುಂದ ನಿಲ್ಲೂದೇ ಇಲ್ರಿ,” ಎಂದರು. “ಇವತ್ತ ಉಪ್ಪಿನಬೆಟಗೇರಿ ಸಾಲಿ ಬರ್ತೈತಿ. ನಿಂತ್ರ ಇರಲಿ. ಇಲ್ಲಂದ್ರ ನಾಳೆ ತಗಸೂಣು.”

ಎಲ್ಲಿಯದೋ ಪ್ರಾಣಿಗೆ ಮಣೆ, ನಮ್ಮ ನೆಲದ್ದಕ್ಕೆ ಉಗ್ರಾಣ. ಆದರೂ ಆಗಲಿ ಎಂದೆ.

ಮಕ್ಕಳು ಬಂದರು. ಹಾವಿನ ಮುಂದೆ ಗದ್ದಲ, ಚಿರತೆಯ ಮುಂದೆ ನೂಕುನುಗ್ಗಲು. ಕೃಷ್ಣಮೃಗದ ಹತ್ತಿರ ಬಂದವರು ಫಲಕ ಓದಿ, ಪರೀಕ್ಷೆಯ ಪ್ರಶ್ನೆ ಕಂಡವರಂತೆ ಮುಖ ಮಾಡಿ ಮುಂದೆ ಹೋದರು. ಅದರಲ್ಲಿ ‘ಕೃಷ್ಣಮೃಗ’ ಎಂದು ಬರೆಸಿದವರೂ ಸಿದ್ದಪ್ಪನವರೇ. ಧಾರವಾಡ ಅಂದಮೇಲೆ ಭಾಷೆ ಶುದ್ಧ ಇರಬೇಕಂತೆ. ಬಾಗಿಲಲ್ಲಿ ನಿಂತು ಮೀಸೆಯಡಿ ನಗುತ್ತಿದ್ದರು.

ಕೊನೆಗೆ ಬಂದ ಸಾನ್ವಿ ಎಂಬ ಹುಡುಗಿ ಕೇಳಿದಳು: “ಇದೇನ್ರಿ ಅಕ್ಕಾರ?”

ಸಿಟ್ಟಿನಲ್ಲಿ ಶುದ್ಧ ಹೆಸರು ನಾಲಗೆಗೆ ಬರಲಿಲ್ಲ, ನಮ್ಮ ಕಡೆಯ ಆಡುಮಾತಿನ ಹೆಸರೇ ಬಂತು. “ಚಿಗರಿ,” ಎಂದೆ.

“ಚಿಗರಿ ಅಂದ್ರ ಬಸ್ ಅಲ್ಲೇನ್ರಿ? ಹುಬ್ಬಳ್ಳಿಗೆ ಹೋಗ್ತೈತಲ್ರಿ, ಏಸಿದು?”

“ಬಸ್ಸಿಗೆ ಇದರ ಹೆಸರು ಇಟ್ಟಾರವಾ. ಇದರಂಗ ಓಡ್ಲಿ ಅಂತ.”

ಸಾನ್ವಿ ತಿರುಗಿ ಕೂಗಿದಳು: “ಏ ಬರ್ರಿಲೇ, ಖರೇ ಚಿಗರಿ ಇಲ್ಲೈತಿ.”

ಚಿರತೆಯನ್ನು ಬಿಟ್ಟು ಎಲ್ಲರೂ ಓಡಿ ಬಂದರು. ಬಸ್ಸಿಗೂ ಇದಕ್ಕೂ ಪಂದ್ಯ ಇಟ್ಟರೆ ಯಾವುದು ಗೆಲ್ಲುತ್ತದೆ ಎಂದರು. ಇದೇ, ಬಸ್ಸು ಸ್ಟಾಪ್ ಸ್ಟಾಪಿಗೂ ನಿಲ್ಲಬೇಕಲ್ಲ ಎಂದೆ. ಇನ್ನೂ ಜೀವಂತ ಇವೆಯೇ ಎಂದರು. ರಾಣೆಬೆನ್ನೂರ ಕಡೆ ಹಿಂಡುಹಿಂಡಾಗಿ ಇವೆ, ಹುಲ್ಲುಗಾವಲು ಉಳಿದರೆ ಅವೂ ಉಳಿಯುತ್ತವೆ ಎಂದೆ. ಗಾಜಿಗೆ ಮೂಗು ಒತ್ತಿ ನಿಂತರು. ಮಾಸ್ತರರು ಕರೆದರೂ ಒಬ್ಬರೂ ಕದಲಲಿಲ್ಲ. ನಾನು ಸಿದ್ದಪ್ಪನವರ ಮುಖವನ್ನು ಕಣ್ತುಂಬ ನೋಡಿದೆ.

“ಬಸ್ಸಿನ ಹೆಸರಿಗೆ ನಿಂತಾವು,” ಎಂದು ಗೊಣಗುತ್ತ ಅವರು ಹತ್ತಿರ ಬಂದರು. ಸಾನ್ವಿ ಅವರನ್ನೇ ಹಿಡಿದಳು.

“ಅಜ್ಜಾರ, ಬಸ್ ಕೆಟ್ರ ಹೊಸಾದು ತರ್ತಾರ. ಇವು ಮುಗದ್ರ ಎಲ್ಲಿಂದ ತರ್ತೀರಿ?”

ಪೇಟೆಯಲ್ಲಿ ಯಾರ ಮಾತಿಗೂ ಸೋಲದ ಮನುಷ್ಯ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಲಕಮನಹಳ್ಳಿಗೆ ಫೋನ್ ಹಚ್ಚಿದರು.

“ತಮ್ಮಾ, ನಿನ್ನ ಡೈನೋಸಾರ್ ಬ್ಯಾಡಪಾ. ಜಾಗಾ ಇಲ್ಲ. ಇಲ್ಲಿ ಚಿಗರಿ ನಿಂತೈತಿ.”

ಆ ಕಡೆಯವನು ಏನೋ ಕೇಳಿದ. ಸಿದ್ದಪ್ಪನವರು ಮಕ್ಕಳ ಕಡೆ ನೋಡಿ, ದನಿ ಏರಿಸಿ ಹೇಳಿದರು: “ಬಸ್ ಅಲ್ಲಲೇ, ಖರೇ ಚಿಗರಿ.”

ಮಕ್ಕಳು ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.