ಸೋಮಾರಿಯನ್ನು ಎಬ್ಬಿಸುವ ಬಗೆ

ಕೀ ಮತ್ತೊಮ್ಮೆ ತಿರುಗಿತು. ಕಾರು ಕೆಮ್ಮಿ ಸುಮ್ಮನಾಯಿತು.

"ಇದು ಏಳೋ ಹಾಗೆ ಕಾಣಲ್ಲ," ಎಂದ ಒಳಗೆ ಕೂತಿದ್ದ ಬಡಗಿ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಏನು ಮಾಡಬೇಕೆಂದು ತೋಚದೆ ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. ಅವನ ಹೆಂಡತಿ ನರ್ಸು, ಆಸ್ಪತ್ರೆಯ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಕಿಟಕಿಯೊಳಗೆ ಕೈ ಚಾಚಿ ಸೀಟಿನ ಬಟ್ಟೆ ಸವರುತ್ತಿದ್ದಳು. ಅವರಿಬ್ಬರಿಗೂ ಇದು ಮೊದಲನೆಯ ಕಾರು ಆಗಬೇಕಿತ್ತು.

ಗೇಟಿನ ಹತ್ತಿರ ನಿಂತಿದ್ದ ಮನೆಯಾಕೆ ಮಾತಾಡಲಿಲ್ಲ. ಹೇಗೆ ಎಬ್ಬಿಸಬೇಕೆಂದು ಅವಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಸಾಕು, ಇವರು ಹೊರಟುಹೋಗುತ್ತಾರೆ. ಕಾರು ಇಲ್ಲೇ ಉಳಿಯುತ್ತದೆ.

ಮಾರೋಣ ಎಂದವಳೂ ಅವಳೇ. ಗಂಡ ತೀರಿಕೊಂಡ ಮೇಲೂ ಕಾರು ಬಾಗಿಲಲ್ಲೇ ನಿಂತಿತ್ತು. ಅದು ನಿಂತಿದೆ ಎಂದರೆ ಅವನು ಮನೆಯಲ್ಲಿದ್ದಾನೆ ಎಂದೇ ಅಷ್ಟು ವರ್ಷದ ರೂಢಿ. ಅತ್ತೆ ಈಗಲೂ ಸಂಜೆಯ ಚಹಾಕ್ಕೆ ಮೂರು ಲೋಟ ತೆಗೆದು, ಒಂದನ್ನು ಸದ್ದಾಗದ ಹಾಗೆ ವಾಪಸ್ಸು ಇಡುತ್ತಿದ್ದರು. ಅದನ್ನು ನೋಡಲಾಗದೆ ಅವಳು ಮಾರುವ ಮಾತೆತ್ತಿದ್ದಳು. ಅವಳಿಗಂತೂ ಯಾವುದೂ ನಾಟುತ್ತಿರಲಿಲ್ಲ. ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದಳು, ಜೋಮು ಹಿಡಿದ ಕಾಲಿನಲ್ಲಿ ನಡೆದ ಹಾಗೆ.

ಆದರೆ ಬೆಳಿಗ್ಗೆ ಕಾರಿನ ಖಾನೆ ಚೊಕ್ಕ ಮಾಡುವಾಗ ಒಂದು ಗೋಲಿ ಸಿಕ್ಕಿತ್ತು. ಹಸಿರು ಗಾಜಿನದು. ಅದು ಇನ್ನೂ ಅವಳ ಮುಷ್ಟಿಯಲ್ಲಿತ್ತು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಗಂಡ, ಮದುವೆಯಾದ ಹೊಸದರಲ್ಲಿ ಈ ಕಾರು ತಂದಿದ್ದ. ಹಲವರ ಕೈ ದಾಟಿ ಬಂದದ್ದು. ಕೀ ತಿರುಗಿಸಿದರೆ ಏಳುತ್ತಿರಲಿಲ್ಲ. ಮೆಕ್ಯಾನಿಕ್ ಬಿಚ್ಚಿ, ಜೋಡಿಸಿ, ಕೊನೆಗೆ ಕೈಚೆಲ್ಲಿದ್ದ. ಅವರು ಅದಕ್ಕೆ ಸೋಮಾರಿ ಎಂದು ಹೆಸರಿಟ್ಟರು. "ನಿದ್ದೆಗಣ್ಣಲ್ಲೇ ನಾಲ್ಕು ಹೆಜ್ಜೆ ನಡೆಸಿದ್ರೆ ತಾನೇ ಎಚ್ಚರ ಆಗತ್ತೆ, ನಿನ್ನ ಹಾಗೆ," ಎನ್ನುತ್ತಿದ್ದ. ಹಾಗಾಗಿ ಎಲ್ಲಿ ಹೋದರೂ ಇಳಿಜಾರು ಹುಡುಕಿ ನಿಲ್ಲಿಸಬೇಕು. ಸಿನಿಮಾಕ್ಕೆ ಹೋದರೆ ಕಾರು ಎರಡು ಬೀದಿ ಆಚೆಯ ಏರಿನಲ್ಲಿ. ಅಲ್ಲಿಂದ ಮಾತಾಡುತ್ತಾ ನಡೆಯುವುದು. ಕಾರು ಕೊಂಡ ಮೇಲೆ ಅವರು ಮೊದಲಿಗಿಂತ ಹೆಚ್ಚು ನಡೆದರು.

ಮನೆ ಹುಡುಕುವಾಗಲೂ ಅಷ್ಟೆ. ಅವಳು ಅಡುಗೆಮನೆಯಲ್ಲಿ ಬೆಳಕಿದೆಯೇ ಎಂದು ನೋಡುತ್ತಿದ್ದರೆ ಅವನು ಹೊರಗೆ ಮಂಡಿಯೂರಿ ರಸ್ತೆಯ ಮೇಲೆ ಗೋಲಿ ಇಡುತ್ತಿದ್ದ. ಈ ಮನೆಯ ಮುಂದೆ ಅದು ಯೋಚಿಸಿ ಹೊರಟ ಹಾಗೆ ಹೊರಟು, ಬಿಸಿಲಲ್ಲಿ ಹೊಳೆಯುತ್ತಾ ತಿರುವಿನ ತನಕ ಉರುಳಿತ್ತು. "ನಿಮ್ಮನೆಯವರು ಸರಿಯಾಗಿದಾರಾ ಅಮ್ಮ?" ಎಂದು ಮಾಲೀಕರು ಪಿಸುಗುಟ್ಟಿದ್ದರು. ಅಡುಗೆಮನೆ ಕತ್ತಲೆಯಿತ್ತು. ಮನೆ ಅದೇ ಆಯಿತು.

ದಿನವೂ ಬೆಳಿಗ್ಗೆ ಅವಳು ಹಿಂದಿನಿಂದ ತಳ್ಳುವುದು. ಸೋಮಾರಿ ದೋಣಿಯ ಹಾಗೆ ಸದ್ದಿಲ್ಲದೆ ಜಾರುವುದು. ಎಂಜಿನ್ನು ಹಿಡಿಯುವ ಮೊದಲಿನ ಆ ಮೌನದಲ್ಲಿ ಟೈರಿನಡಿ ಮರಳು ಮಾತ್ರ ಚರಚರ ಎನ್ನುವುದು. ನಿಲ್ಲಿಸಿದರೆ ಮತ್ತೆ ಮಲಗಿಬಿಡುತ್ತದೆಂದು ಅವನು ಒಳಗಿನಿಂದ ಬಾಗಿ ಬಾಗಿಲು ತೆರೆದು ಹಿಡಿದಿರುತ್ತಿದ್ದ. ಅವಳು ಓಡಿ ಹತ್ತಬೇಕು. ಒಮ್ಮೆ ಹೊಸ ಚಪ್ಪಲಿಯೊಂದು ರಸ್ತೆಯಲ್ಲೇ ಉಳಿದು, ಸಂಜೆ ಬಂದಾಗಲೂ ಅಲ್ಲೇ ಕಾಯುತ್ತಿತ್ತು.

"ಬೇರೆ ನೋಡೋಣ ಬಿಡು," ಎನ್ನುತ್ತಾ ಬಡಗಿ ಕೆಳಗಿಳಿದ. "ಬರ್ತೀವಿ ಅಕ್ಕ."

ನರ್ಸು ಕಿಟಕಿಯಿಂದ ಕೈ ತೆಗೆಯಲಿಲ್ಲ. "ಕಿಟಕಿ ದೊಡ್ಡದಾಗಿತ್ತು," ಎಂದಳು ತನಗೆ ತಾನೇ.

ಗೋಲಿ ಮುಷ್ಟಿಯಲ್ಲಿ ಬೆಚ್ಚಗಾಗಿತ್ತು.

"ಅದು ಹಾಗೆ ಏಳಲ್ಲ," ಎಂದಳು ಮನೆಯಾಕೆ. ಧ್ವನಿ ತನ್ನದೇ ಎಂದು ತಿಳಿಯಲು ಅವಳಿಗೆ ಕೊಂಚ ಹೊತ್ತು ಹಿಡಿಯಿತು. "ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ಕೊಂಡಿರಿ, ನಾವು ತಳ್ತೀವಿ. ಆ ಕಂಬ ದಾಟಿದ ಮೇಲೆ ಕ್ಲಚ್ ಬಿಡಿ. ಎಂಜಿನ್ ಹಿಡಿದ್ಮೇಲೆ ನಿಲ್ಲಿಸಬೇಡಿ. ಈ ಕಡೆ ಬಾಗಿಲು ತೆಗೆದಿಡಿ, ಇವರು ಓಡಿ ಹತ್ತಲಿ."

"ಓಡಿಸೋದು ಇವರು, ಓಡೋದು ನಾನಾ?" ಎಂದಳು ನರ್ಸು.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಮದುವೆ ಆಗಿದೆಯಲ್ಲಮ್ಮ, ಇನ್ನೂ ಗೊತ್ತಾಗಿಲ್ವಾ?" ಎಂದರು.

"ಅಕ್ಕ, ನೀವು ಓಡಿಸೋದು ಕಲೀಲಿಲ್ವಾ?" ಎಂದು ನರ್ಸು ಮನೆಯಾಕೆಯನ್ನು ಕೇಳಿದಳು.

"ಕಲಿತೆ. ಅವರಿಗೆ ತಳ್ಳೋದು ಬರಲಿಲ್ಲ."

ಅತ್ತೆ ನಕ್ಕರು. ನಕ್ಕದ್ದಕ್ಕೆ ತಾವೇ ಬೆರಗಾದವರ ಹಾಗೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಎದ್ದರೆ ಹಾಗೇ ಮನೆಗೆ ತಗೊಂಡು ಹೋಗ್ತೀವಿ ಅಕ್ಕ, ದುಡ್ಡು ಸಂಜೆ ತಂದ್ಕೊಡ್ತೀವಿ," ಬಡಗಿ ಮತ್ತೆ ಒಳಗೆ ಕೂತ. "ಇನ್ನೊಂದ್ಸಲ ನಿಲ್ಲಿಸೋ ಧೈರ್ಯ ನಂಗಿಲ್ಲ."

"ಹಾಗೇ ಹೋಗಿ." ಅವಳು ಮುಷ್ಟಿ ಬಿಚ್ಚಿ ಗೋಲಿಯನ್ನು ನರ್ಸಿನ ಕೈಗಿಟ್ಟಳು. "ಮನೆ ಬದಲಾಯಿಸೋವಾಗ ಇದನ್ನ ರಸ್ತೆ ಮೇಲಿಟ್ಟು ನೋಡಿ. ಉರುಳದಿದ್ರೆ ಆ ಮನೆ ಬೇಡ."

ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಅವಳೇ ಸರಿಸಿದಳು. ಇಬ್ಬರೂ ಧೂಳು ಕೂತಿದ್ದ ಡಿಕ್ಕಿಗೆ ಅಂಗೈ ಕೊಟ್ಟು ತಳ್ಳಿದರು. ಸೋಮಾರಿ ಕದಲಿತು. ಕೈಗೆ ಭಾರ ಹಗುರಾಗುತ್ತಾ ಬಂತು. ಮರಳು ಚರಚರ ಎಂದಿತು. ಕಂಬ ದಾಟಿತು. ಕಾರು ಮೈ ಜಾಡಿಸಿ ಎದ್ದಿತು.

ಬಾಗಿಲು ತೆರೆಯಿತು. ನರ್ಸು ನಗುತ್ತಾ ಓಡಿದಳು. ಅವಳ ಹಿಂದೆಯೇ ಮನೆಯಾಕೆಯೂ ಓಡುತ್ತಿದ್ದಳು. ತೆರೆದ ಬಾಗಿಲು ಕೈಗೆಟುಕುವಷ್ಟು ಹತ್ತಿರ ಬರುವವರೆಗೂ ಅದು ಅವಳ ಗಮನಕ್ಕೆ ಬರಲಿಲ್ಲ. ನರ್ಸು ಹಾರಿ ಕೂತಳು. ಬಾಗಿಲು ಮುಚ್ಚಿತು.

ಅವಳು ನಿಂತಳು. ಡಿಕ್ಕಿಯ ಧೂಳಿನಲ್ಲಿ ಮೂಡಿದ್ದ ನಾಲ್ಕು ಅಂಗೈಗಳು ಸಣ್ಣದಾಗುತ್ತಾ ತಿರುವಿನಲ್ಲಿ ಮರೆಯಾದವು.

"ಚಪ್ಪಲಿ ಬಿಟ್ಟು ಹೋಗಿದೀಯಲ್ಲೇ," ಎಂದು ಮೇಲಿನಿಂದ ಅತ್ತೆ ಕೂಗಿದರು.

ತಿರುಗಿ ನೋಡಿದಳು. ಇಳಿಜಾರಿನ ನಡುವೆ ಒಂಟಿ ಚಪ್ಪಲಿ ಬಿದ್ದಿತ್ತು. ಬರಿಯ ಪಾದಕ್ಕೆ ರಸ್ತೆ ಸುಡುತ್ತಿತ್ತು. ಅವಳು ಪಾದ ಎತ್ತದೆ ಹಾಗೇ ನಿಂತಿದ್ದಳು.