ಗೋಡೆ ಮಾಲೀಕರದು, ಸಾಮಾನು ನಮ್ಮದು

ನಾಟಕಕ್ಕೆ ಇನ್ನು ಆರೇ ದಿನ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯವಳು ಹನ್ನೊಂದನೆಯ ಸೈನಿಕನ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಬೆಳಗಿನ ಹತ್ತರ ಸುಮಾರಿಗೆ ನೆತ್ತಿಯ ಮೇಲೆ ಏನೋ ಚಟ್ ಎಂದಿತು. ಅವಳು ಹಿಂದೆ ಸರಿಯುವಷ್ಟರಲ್ಲಿ ಮೇಲಿನ ಮನೆಯ ಪೈಪು ಒಡೆದು ನೀರು ಧೋ ಎಂದು ಸುರಿಯತೊಡಗಿತು.

"ಅತ್ತೆ, ಮೇನ್ ಸ್ವಿಚ್ ಆಫ್ ಮಾಡಿ, ಬೇಗ."

ಅತ್ತೆ ಸ್ವಿಚ್ಚು ಆಫ್ ಮಾಡಿ ಓಡಿ ಬಂದರು. ಇಬ್ಬರೂ ಅಂಗಿಗಳನ್ನು ಬಾಚಿ ಬಾಚಿ ಅಡುಗೆಮನೆಗೆ ಸಾಗಿಸಿದರು. ಅಂಗಿಗಳೇನೋ ಉಳಿದವು. ಹೊಲಿಗೆ ಯಂತ್ರ, ಕಪಾಟು, ಹಾಸಿಗೆ ಎಲ್ಲ ನೆಂದು ತೊಪ್ಪೆಯಾದವು.

ಸುದ್ದಿ ತಿಳಿದು ಮನೆ ಮಾಲೀಕ ಬಂದ. "ಗೋಡೆ, ಪೈಪು ನಾನು ಸರಿ ಮಾಡಿಸ್ತೀನಮ್ಮ. ನಿಮ್ಮ ಸಾಮಾನು ನನ್ನ ವಿಮೆಗೆ ಬರಲ್ಲ."

ಸೊಸೆ ಯಂತ್ರದ ಚಕ್ರ ತಿರುಗಿಸಿ ನೋಡಿದಳು; ಅದು ಅಲುಗಲಿಲ್ಲ. "ಮುಗೀತು ಅತ್ತೆ ನಮ್ಮ ಕಥೆ."

"ಮುಗಿಯೋದೆಲ್ಲಿ ಬಂತು? ಫೋನ್ ಕೊಡಿಲ್ಲಿ," ಎಂದರು ಅತ್ತೆ. ಅವರ ಕಣ್ಣು ಮಿನುಗುತ್ತಿತ್ತು.

ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು ಅವರು. ಈ ಮನೆಗೆ ಬಂದ ವಾರವೇ ಏಜೆಂಟನ ತಲೆ ತಿಂದು ತಮ್ಮ ಸಾಮಾನಿಗೆ ಬಾಡಿಗೆದಾರರ ವಿಮೆ ಮಾಡಿಸಿದ್ದರು. ದುಡಿಮೆಯ ಯಂತ್ರವನ್ನು ಬೇರೆಯಾಗಿಯೇ ಬರೆಸಬೇಕೆಂದು ಪಟ್ಟು ಹಿಡಿದಿದ್ದರು. ಹಾಸಿಗೆಯಿಂದ ಹಿಡಿದು ಇಸ್ತ್ರಿ ಪೆಟ್ಟಿಗೆಯವರೆಗೆ ಪ್ರತಿಯೊಂದರ ಫೋಟೊ ತೆಗೆದಿಟ್ಟಿದ್ದರು. ಮಾಡಲು ಬೇರೆ ಕೆಲಸವಿಲ್ಲ ಇವರಿಗೆ ಎಂದು ಸೊಸೆ ಆಗ ಒಳಗೊಳಗೇ ನಕ್ಕು, ಆಮೇಲೆ ಅದನ್ನು ಮರೆತೇಬಿಟ್ಟಿದ್ದಳು.

ಮಧ್ಯಾಹ್ನವೇ ವಿಮಾ ಕಂಪನಿಯಿಂದ ಪರಿಶೀಲಕಿ ಬಂದಳು. ಅತ್ತೆ ಅವಳಿಗೆ ಉಸಿರಾಡಲೂ ಬಿಡಲಿಲ್ಲ. "ಇದು ಕಪಾಟು, ಇದು ಅದರ ಹಳೇ ಫೋಟೊ. ಇದು ಯಂತ್ರದ ರಸೀದಿ, ನಂಬರ್ ಇಲ್ಲಿದೆ ನೋಡಿ."

"ಆ ಗಡಿಯಾರ?"

"ಅದು ನೀರು ಬೀಳೋಕೆ ಮುಂಚೇನೇ ಕೆಟ್ಟು ಕೂತಿತ್ತು. ಅದನ್ನ ಬರೀಬೇಡಿ."

ಪರಿಶೀಲಕಿಗೆ ನಗು ತಡೆಯಲಾಗಲಿಲ್ಲ.

ಮೂರನೆಯ ದಿನ ಬೆಳಗ್ಗೆ ಫೋನು ಬಂತು. ವಿಮೆ ಹಣ ಮಂಜೂರಾಗಿದೆ ಎಂದು ಕೇಳಿದ್ದೇ ಸೊಸೆ ಅತ್ತೆಯನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟಳು. "ಬಿಡೇ, ಸೊಂಟ ಉಳುಕೀತು," ಎಂದರೂ ಚಪ್ಪಲಿ ಮೆಟ್ಟಿ ಅಂಗಡಿಗೆ ಮೊದಲು ಹೊರಟವರು ಅತ್ತೆಯೇ. ಹೊಸ ಯಂತ್ರ ಮನೆಗೆ ಬಂತು. ಸೊಸೆ ಹೊಲಿದಳು, ಅತ್ತೆ ಕನ್ನಡಕ ಏರಿಸಿಕೊಂಡು ಗುಂಡಿ ಹಾಕಿದರು.

ನಾಟಕದ ದಿನ ಇಬ್ಬರೂ ಮೂರನೆಯ ಸಾಲಿನಲ್ಲಿ ಕೂತಿದ್ದರು. ಸೈನಿಕರು ದಡದಡನೆ ರಂಗದ ಮೇಲೆ ನುಗ್ಗಿದಾಗ ಸೊಸೆ ಮುಂದಕ್ಕೆ ಬಾಗಿ ಒಂದೊಂದೇ ತೋಳಿನ ಹೊಲಿಗೆ ನೋಡುತ್ತಿದ್ದಳು. ಅತ್ತೆ ಪಕ್ಕದಲ್ಲಿದ್ದ ಅಪರಿಚಿತರ ಕಡೆ ವಾಲಿ, "ನಾಯಕನ್ನ ಆಮೇಲೆ ನೋಡಿ ಸ್ವಾಮಿ, ಮೊದಲು ಅಂಗಿ ನೋಡಿ," ಎಂದು ಪಿಸುಗುಟ್ಟಿದರು.