ನೂರಾ ಹನ್ನೆರಡನೆಯ ಪುಟ

ಟೀ ಮೇಲೆ ಕಟ್ಟಿದ ಕೆನೆ ಲೋಟದ ಅಂಚಿಗೆ ಅಂಟಿಕೊಂಡು ಮುದುಡುತ್ತಿದೆ, ಒಣಗಿದ ಗಾಯದ ಹಕ್ಕಳೆಯ ಹಾಗೆ — ಥೂ, ಮತ್ತೆ ಹೋಲಿಕೆ, ನಲವತ್ತು ದಿನ ಕಂಡಕಂಡದ್ದಕ್ಕೆಲ್ಲ ಒಂದೊಂದು ‘ಹಾಗೆ’ ಅಂಟಿಸಿ ಅಂಟಿಸಿ ಈಗ ಕೆನೆ ಬರೀ ಕೆನೆಯಾಗಿ ಕಾಣುವುದನ್ನೇ ಬಿಟ್ಟಿದೆ, ಅವನು ಲೋಟವನ್ನು ಸಿಂಕಿಗೆ ಬಗ್ಗಿಸಿದ, ಕೆನೆ ಜಾಲರಿಯ ಮೇಲೆ ಕೂತು ಒಳಗೆ ಹೋಗಲೊಲ್ಲೆ ಅಂತು, ಬೆರಳಿಂದ ತಳ್ಳಿದ, ಬೆರಳಿಗೇ ಬಂತು, ಅಷ್ಟರಲ್ಲಿ ಹಾಲ್‌ನಿಂದ ಸರ್ರಂತ ಹಾಳೆ ತಿರುಗಿದ ಸದ್ದು, ತೊಂಬತ್ತು, ತೊಂಬತ್ತೇ ಇರಬೇಕು, ಆಗಲೇ ಅಕ್ಕ ಸೋಫಾದಿಂದಲೇ ಕೂಗಿ ಹೇಳಿದಳಲ್ಲ, ಏಳನೇ ಅಧ್ಯಾಯ ಶುರು ಮಾಡ್ದೆ ಕಣೋ ಗಿಳಿ, ಏಳನೇ ಅಧ್ಯಾಯ ಶುರುವಾಗುವುದು ಎಂಬತ್ತೊಂಬತ್ತಕ್ಕೆ, ಈಗ ಎಡಬದಿಗೆ ತೊಂಬತ್ತು, ಬಲಬದಿಗೆ ತೊಂಬತ್ತೊಂದು, ಇನ್ನು ಹನ್ನೊಂದು ಹಾಳೆ, ಇನ್ನು ಹನ್ನೊಂದು ಸಲ ಅಕ್ಕ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆಯ ಮೂಲೆ ಎತ್ತಿದರೆ ನೂರಾ ಹನ್ನೆರಡು — ಇಪ್ಪತ್ತೈದು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದವಳ ಅಭ್ಯಾಸ ಅದು, ಇವನ ಪುಸ್ತಕದ ಮೂಲೆಗಳೆಲ್ಲ ಅಕ್ಕನ ಎಂಜಲಾಗಿವೆ, ಆಗಲಿ, ಎಂಜಲೇ ವಾಸಿ, ಆ ಪುಟದಲ್ಲಿ ಇರುವುದಕ್ಕಿಂತ ಎಂಜಲು ಎಷ್ಟೋ ಶುದ್ಧ, ಮೇಲಿಂದ ಒಂಬತ್ತನೇ ಸಾಲು, ತಾಯಿ ಸಾಯುವ ಜಾಗ, ಕಣ್ಣೀರು ತೊಟ್ಟಿಕ್ಕುವ ಎರಡು ವಾಕ್ಯಗಳ ನಡುವೆ ಅವನು ತನಗೆ ತಾನೇ ಬರೆದುಕೊಂಡಿದ್ದ ಟಿಪ್ಪಣಿ ಅಚ್ಚುಕಟ್ಟಾಗಿ ಅಚ್ಚಾಗಿ ಕೂತಿದೆ, ಅಕ್ಕನಿಗೆ ಇನ್ನೊಂದು ಸಲ ಫೋನ್ ಮಾಡು, ಅತ್ತರೆ ಅಳಲಿ, ಚಮಚದ ವಿಷಯ ಇನ್ನಷ್ಟು ಬಾಯಿಬಿಡಿಸು.

ಬೆಳಿಗ್ಗೆ ಹತ್ತಕ್ಕೆ ಪುಸ್ತಕದ ಕಟ್ಟು ಬಂತು, ಹತ್ತೂವರೆಗೆ ಅಕ್ಕ ಬಂದಳು, ಅಂಗಡಿಗೆ ಬೀಗ ಹಾಕಿ ಬಂದಿದೀನಿ ಕಣೋ, ಇವತ್ತು ಮದುವೆ ಹೆಣ್ಣೇ ಬಂದು ನಿಂತರೂ ಸೂಜಿ ಮುಟ್ಟಲ್ಲ, ಮೊದಲನೇ ಪ್ರತಿ ನಾನೇ ಓದಬೇಕು, ಕಟ್ಟಿನ ಮೇಲಿದ್ದದ್ದನ್ನು ಎತ್ತಿಕೊಂಡವಳೇ ಅರ್ಪಣೆಯ ಪುಟ ತೆಗೆದಳು, ಬದುಕು ಹೊಲಿದುಕೊಟ್ಟ ಅಕ್ಕನಿಗೆ ಅಂತ ಇದೆ ಅಲ್ಲಿ, ಓದಿ ಸೆರಗು ಕಣ್ಣಿಗೆ ಒತ್ತಿಕೊಂಡಳು, ಅವನು ಟೀಗೆ ಹಾಲು ಒಲೆಯ ಮೇಲಿಟ್ಟು ಸುಮ್ಮನೆ ಇನ್ನೊಂದು ಪ್ರತಿ ತೆರೆದ, ಅದು ನೇರವಾಗಿ ನೂರಾ ಹನ್ನೆರಡಕ್ಕೇ ಬಾಯಿ ತೆರೆಯಿತು, ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಅವನು ಅಲ್ಲಾಡಲಿಲ್ಲ, ಆಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಪಿಸುಪಿಸು ಫೋನು, ಪ್ರಕಾಶಕರು ಎಂದಿನ ಹಾಗೆ ಮೂಗಿನಿಂದ ಒಂದು ಮುನ್ನುಡಿ ಊದಿ, ನೋಡೀ, ನಮ್ಮ ಕರಡು ತಿದ್ದೋ ಮೇಷ್ಟ್ರು ಅದನ್ನ ಹೊಸ ತಂತ್ರ ಅಂದ್ಕೊಂಡ್ರು, ಫೋನ್ ಮಾಡು ಆದಮೇಲೆ ಒಂದು ಅಲ್ಪವಿರಾಮ ಬೇರೆ ಹಾಕಿ ಚೆಂದ ಮಾಡಿದಾರೆ, ಐನೂರು ಪ್ರತಿ ಆಗೋಯ್ತಲ್ರೀ, ಯಾರಿಗೂ ಗೊತ್ತಾಗಲ್ಲ ಬಿಡೀ, ಅಂದಹಾಗೆ ಬಿಡುಗಡೆ ದಿನ ಹತ್ತು ನಿಮಿಷ ಮಾತಾಡ್ಬೇಕು ನೀವು, ಮೊದಲನೇ ಕಾದಂಬರಿ, ನಲವತ್ತೇ ದಿನ, ಕಲಿತ ಪಾಠಗಳು, ಹೊಸಬರಿಗೆ ಸ್ಫೂರ್ತಿ — ಈ ಮೂಗಿನ ‘ನೋಡೀ’ ಅವನಿಗೆ ಚೆನ್ನಾಗಿ ಬರುತ್ತದೆ, ಗೆಳೆಯರ ಮುಂದೆ ಮಾಡಿ ತೋರಿಸಿ ಎಷ್ಟು ಸಲ ನಗಿಸಿಲ್ಲ, ಮೊದಲ ಸಲ ಕಾದಂಬರಿ ಕೇಳಿದಾಗಲೂ ಇದೇ ಮೂಗು, ನೋಡೀ, ಹತ್ತು ಕಾದಂಬರಿ ಒಟ್ಟಿಗೆ ತರ್ತಿದೀವಿ, ಒಬ್ಬರು ದೊಡ್ಡವರು ಕೈಕೊಟ್ರು, ಒಂಬತ್ತು ಅಂದ್ರೆ ಬಾಯಲ್ಲಿ ಒಂದು ಹಲ್ಲು ಇಲ್ಲದ ಹಾಗೆ ಕಾಣುತ್ತೆ, ನಲವತ್ತು ದಿನದಲ್ಲಿ ಕೊಡ್ತೀರಾ, ಕೊಡ್ತೀನಿ ಅಂದ, ಅಂದವನ ಬಳಿ ಕಥೆಯೇ ಇರಲಿಲ್ಲ, ಪಾತ್ರಗಳಿರಲಿಲ್ಲ, ಬಾಯಿ ಒಂದಿತ್ತು, ಗಡುವಿನ ಜೊತೆಗೆ ಗಡ್ಡ ಬೆಳೆಯಿತು, ಕಾದಂಬರಿ ಅಂದರೆ ಕಾದು ಕಾದು ಬರಿ ಅಂತಲ್ಲವೇನಯ್ಯಾ ಅಂತ ಕಾಲೇಜಿನಲ್ಲಿ ಜೋಕು ಹೊಡೆದವನೇ ಒಂದು ಗಳಿಗೆಯೂ ಕಾಯದೆ ಬರೆದ, ಸರ್ರ್, ತೊಂಬತ್ತಾರು, ಪಾಠ ಒಂದು, ಕಥೆ ಬರೆಯುವ ಕಡತದಲ್ಲೇ ನಿನ್ನ ಹೊಲಸು ಲೆಕ್ಕಾಚಾರ ಬರೆಯಬೇಡ, ಎಲ್ಲ ಟಿಪ್ಪಣಿಗೂ ಕಂಸ ಹಾಕಿದ್ದ, ಕೊನೆಯ ದಿನ ಕಂಸ ಹುಡುಕಿ ಹುಡುಕಿ ಕಂಸವಧೆ ಮಾಡಿ ಮುಗಿಸಿದ, ಇದೊಂದಕ್ಕೆ ಮಾತ್ರ ಆತುರದಲ್ಲಿ ಹಾಕಿರಲಿಲ್ಲ, ಪಾಠ ಎರಡೋ ನಾಲ್ಕೋ, ದಿನಕ್ಕೆ ಸಾವಿರದೈನೂರು ಪದ ಅಂತ ಕೂತರೆ ಹುಟ್ಟಿಸುವುದಕ್ಕೆ ಪುರುಸೊತ್ತಿರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎಳೆದು ಹಾಕುತ್ತೀಯ, ಕೈಗೆ ಮೊದಲು ಸಿಗುವವರು ಮನೆಯವರೇ, ಇದನ್ನು ಹೇಳಲೇನು ವೇದಿಕೆಯ ಮೇಲೆ, ಸ್ಫೂರ್ತಿ ಅಂತೆ ಸ್ಫೂರ್ತಿ.

ತೊಂಬತ್ತೆಂಟು, ಸಿಂಕಿನ ಬಟ್ಟೆ ಹಳಸಿದ ವಾಸನೆ ಹೊಡೆಯುತ್ತಿದೆ, ಹಿಂಡಿದರೆ ಬೂದು ನೀರು, ಅದೇ ವಾಸನೆ ನೋಂದಣಿ ಆಫೀಸಿನ ಅವನ ಕಿಟಕಿಯಲ್ಲೂ, ಜನನದ ಕಿಟಕಿ ಪಕ್ಕದ್ದು, ಅವನದು ಮರಣದ್ದು, ಹನ್ನೆರಡು ವರ್ಷದಿಂದ ಅಳುವವರ ಎದುರು ಕೂತು ತಲೆ ಎತ್ತದೆ ಕೇಳಿದವನು, ಸತ್ತದ್ದು ಎಷ್ಟು ಗಂಟೆಗೆ, ಮನೆಯಲ್ಲೋ ಆಸ್ಪತ್ರೆಯಲ್ಲೋ, ಇಲ್ಲಿ ಸಹಿ, ಅಲ್ಲಲ್ಲ ಕೆಳಗೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಮೇಲೆ ಅವರನ್ನೇ ಮಾಡಿ ತೋರಿಸುತ್ತಿದ್ದ, ಗಂಡ ಸತ್ತವಳು ಮೂಗೆಳೆಯುವ ರೀತಿ, ಅಪ್ಪನ ಹೆಸರು ಮರೆತ ಮಗ, ಜನನದವನು ನಕ್ಕು ನಕ್ಕು ನೆತ್ತಿಗೇರಿಸಿಕೊಳ್ಳುತ್ತಿದ್ದ, ಸಾಕು ಮಾರಾಯ, ಗಂಟಲಿಗೆ ಸಿಕ್ಕಿಕೊಂಡು ಸತ್ತರೆ ನೀನೇ ಸರ್ಟಿಫಿಕೇಟ್ ಬರೀಬೇಕಾಗುತ್ತೆ, ಮತ್ತೆ ಅಮ್ಮ, ಅಮ್ಮನನ್ನೇ ಅಮ್ಮನ ಮುಂದೆ ಮಾಡಿ ತೋರಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಅಮ್ಮ ಒಬ್ಬಳೇ, ಇನ್ನೊಂದು ಸಲ ಮಾಡೋ ಗಿಳಿ, ನಾನು ನಿಜಕ್ಕೂ ಹೀಗೇ ಬೈತೀನಾ, ಆ ಅಮ್ಮ ಹೋಗಿ ಎಂಟು ತಿಂಗಳು, ಹೋದಾಗ ಇವನು ಬಸ್ಸಿನಲ್ಲಿ, ಬಸ್ಸು ಕೆಟ್ಟು ನಿಂತಿತ್ತು, ಬರುವ ಹೊತ್ತಿಗೆ ಅಮ್ಮ ಬಿಳಿ ಬಟ್ಟೆಯೊಳಗೆ, ಕೆನ್ನೆಯ ಕೆಳಗಿಂದ ನೆತ್ತಿಗೆ ಬಿಗಿಯಾದ ಕಟ್ಟು, ಅಕ್ಕ ಕಟ್ಟಿದ್ದು — ನೂರು, ಸದ್ದು ಸ್ವಲ್ಪ ಬೇಗ ಬಂತು, ಓಟ ಹಿಡಿದಿದ್ದಾಳೆ — ಇಪ್ಪತ್ತಾರನೆಯ ದಿನ ಕಥೆಗೆ ಒಂದು ಸಾವು ಬೇಕಾಯಿತು, ಎರಡು ಸಲ ಬರೆದ, ಎರಡೂ ಸಲ ಸತ್ತದ್ದು ಕಾಗದವೇ, ಆಗ ಅಕ್ಕನಿಗೆ ಫೋನು, ಏನಿಲ್ಲ ಅಕ್ಕ, ಅಮ್ಮನ ನೆನಪಾಯ್ತು, ನಾನು ಇರಲಿಲ್ಲವಲ್ಲ, ಕೊನೇಲಿ ಹೇಗಿದ್ದಳು ಅಂತ — ಧ್ವನಿ ಎಷ್ಟು ಚೆನ್ನಾಗಿ ನಡುಗಿಸಿದ, ದುಃಖದಲ್ಲಿರುವ ತಮ್ಮನ ಮಿಮಿಕ್ರಿ, ಅವನು ಮಾಡಿದ್ದರಲ್ಲೆಲ್ಲ ಅತ್ಯುತ್ತಮ, ಆ ಕಡೆಯಿಂದ ಅಕ್ಕ ಹೇಳುತ್ತ ಹೋದಳು, ನೀರು ಇಳೀತಿರಲಿಲ್ಲ ಕಣೋ, ಚಮಚದಲ್ಲಿ ಒಂದೊಂದೇ ತೊಟ್ಟು ಹಾಕ್ತಿದ್ದೆ, ಒಂದ್ಸಲ ಹಲ್ಲು ಕಚ್ಚಿಬಿಟ್ಟಳು, ಚಮಚ ಬಿಡಲೇ ಇಲ್ಲ, ಬಿಡಮ್ಮ ಬಿಡಮ್ಮ ಅಂತೀನಿ, ಅತ್ತಳು ಅಕ್ಕ, ಬಿಕ್ಕಿ ಬಿಕ್ಕಿ ಅತ್ತಳು, ಇವನು, ಒಂದ್ನಿಮಿಷ ಅಕ್ಕ, ಚಮಚ ಯಾವುದು, ಸ್ಟೀಲ್ದಾ, ಹೂಂ ಕಣೋ, ಸಣ್ಣದು, ಹಿಡಿ ಸೊಟ್ಟಗಿರೋದು, ಏನೋ ಅದು ಟಕಟಕ ಸದ್ದು, ಏನಿಲ್ಲ ಅಕ್ಕ, ಆಫೀಸ್ ಕೆಲಸ, ಆಮೇಲೆ, ಆಮೇಲೇನಾಯ್ತು — ಆಮೇಲೆ... ಬೇಡ ಬಿಡು, ಅದನ್ನ ಹೇಳೋಕ್ಕಾಗಲ್ಲ ನನ್ನ ಕೈಲಿ, ಇಟ್ಟುಬಿಟ್ಟಳು. ಮರುದಿನ ಮಾಡಿದ, ಅದರ ಮರುದಿನವೂ ಮಾಡಿದ, ಅಕ್ಕ ಸೀರೆಯಂಚಿನ ಹೆಮ್ಮಿಂಗಿನ ಮಾತಾಡಿದಳು, ಭಾವನ ಮಂಡಿನೋವಿನ ಮಾತಾಡಿದಳು, ಚಮಚದ ಬಾಗಿಲು ತೆಗೆಯಲೇ ಇಲ್ಲ, ಗಡುವು ಕುತ್ತಿಗೆಗೆ ಬಂದಿತ್ತು, ಇವನೇ ಒಂದು ಕೊನೆ ಕಟ್ಟಿದ, ತಾಯಿ ಮೆಲ್ಲನೆ ಚಮಚ ಬಿಟ್ಟಳು, ಮಗಳ ಮುಖ ನೋಡಿ ನಕ್ಕಳು, ಕಣ್ಣು ಮುಚ್ಚಿದಳು. ನಕ್ಕಳಂತೆ. ಕ್ಯಾಲೆಂಡರಿನ ಚಿತ್ರದ ನಗು.

ನೂರಾ ನಾಲ್ಕು, ಹಾಲ್‌ನಲ್ಲಿ ಅಕ್ಕ ಜೋರಾಗಿ ನಕ್ಕಳು, ಅಯ್ಯೋ ಥೇಟ್ ಅಮ್ಮನೇ ಕಣೋ, ಸೊಪ್ಪಿನವನ ಹತ್ತಿರ ಜಗಳ ಆಡೋದು, ಅವಳೇ ಎದ್ದು ಬಂದು ಮಾತಾಡ್ದಂಗಿದೆ, ಹೇಗೋ ಬರೀತೀಯ ನೀನು, ಅವನು ಬಾಗಿಲಿಗೆ ಬಂದು ನಿಂತ, ಅಕ್ಕ, ಸಾಕು, ಊಟ ಮಾಡೋಣ, ನೀನು ಮಾಡು, ಕಣ್ಣು ನೋಯುತ್ತೆ ಅಕ್ಕ, ದಾರ ಪೋಣಿಸೋ ಕಣ್ಣು ಕಣೋ ಇದು, ನಿನ್ನ ಅಕ್ಷರಕ್ಕೆ ನೋಯುತ್ತಾ, ಸುಮ್ನೆ ಹೋಗು ಅತ್ಲಾಗೆ, ಮತ್ತೆ ಅಡುಗೆಮನೆ, ಕಿತ್ತುಕೊಂಡು ಓಡಲೇನು, ಟೀ ಚೆಲ್ಲಲೇನು, ಒಂದು ಪ್ರತಿ ನೆನೆದರೆ ಕಟ್ಟಿನಲ್ಲಿ ಇನ್ನೂ ಇಪ್ಪತ್ತನಾಲ್ಕು ಇವೆ, ಬೆಳಿಗ್ಗೆ ಕೈಯಲ್ಲಿ ಬ್ಲೇಡು ಹಿಡಿದಿದ್ದನಲ್ಲ, ಅಕ್ಕ ಮುಖ ತೊಳೆಯಲು ಹೋದಾಗ ಆ ಪ್ರತಿಯೂ ಕೈಗೆ ಸಿಕ್ಕಿತ್ತಲ್ಲ, ಹೊಲಿಗೆಯ ಹತ್ತಿರ ಒಂದೇ ಗೀರು, ಹಾಳೆ ಹೋಗುತ್ತಿತ್ತು, ಬೈಂಡಿಂಗ್ ತಪ್ಪು ಅಕ್ಕ, ಒಂದು ಹಾಳೆ ಬಿಟ್ಟುಹೋಗಿದೆ ಅಂದಿದ್ದರೆ ಮುಗಿಯುತ್ತಿತ್ತು, ಆದರೆ ಆ ಹಾಳೆಯ ಈಚೆ ಬದಿ ನೂರಾ ಹನ್ನೊಂದು, ನೂರಾ ಹನ್ನೊಂದರಲ್ಲಿ ಇಡೀ ಪುಸ್ತಕದ ಅತ್ಯಂತ ಚೆಂದದ ಪ್ಯಾರಾ ಇದೆ, ಆ ಪ್ಯಾರಾ ಅಕ್ಕ ಓದದೆ ಹೋದರೆ ಹೇಗೆ, ಬ್ಲೇಡು ವಾಪಸು ಡಬ್ಬಿಗೆ ಹೋಯಿತು — ಇದಕ್ಕೆ ಎಷ್ಟನೇ ಪಾಠ ಅಂತ ನಂಬರ್ ಹಾಕುವುದು, ಅಕ್ಕನ ಕಣ್ಣೀರಿಗಿಂತ ಒಂದು ಪ್ಯಾರಾ ಹೆಚ್ಚಾದ ಮನುಷ್ಯ, ವಾಂತಿ ಬರುವಂಥ ಮನುಷ್ಯ, ಅವನು ಈ ಅಂಗಿಯೊಳಗೇ ನಿಂತಿದ್ದಾನೆ, ನೂರಾ ಎಂಟು, ಹೋಗಿ ಹೇಳಿಬಿಡು, ಅಕ್ಕ ಮುಂದಿನ ಪುಟದಲ್ಲಿ ನಾನು ನಿನಗೊಂದು ಅನ್ಯಾಯ ಮಾಡಿದೀನಿ, ನಾನೇ ಬಾಯಿಬಿಟ್ಟು ಹೇಳ್ತೀನಿ, ಓದಬೇಡ, ಕಾಲು ಎತ್ತಿದರೆ ಹತ್ತು ಹೆಜ್ಜೆ, ನೂರಾ ಹತ್ತು, ಕಾಲು ಏಳಲಿಲ್ಲ, ಈಗ ಆ ಪ್ಯಾರಾ ಓದುತ್ತಿದ್ದಾಳೆ, ಕೇಳು, ಉಸಿರೆಳೆದುಕೊಂಡಳು, ಹಿಡಿಸಿತು, ಅವನ ಎದೆಯೊಳಗೆ ಏನೋ ಒಂದು ಹಿಗ್ಗಿತು, ಥೂ, ಈಗಲೂ ಹಿಗ್ಗುತ್ತದಲ್ಲ, ಸರ್ರ್.

ಸದ್ದಿಲ್ಲ. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಒಂಬತ್ತು ಸಾಲು ಓದಲು ಎಷ್ಟು ಹೊತ್ತು, ಅರೆ ನಿಮಿಷ, ಮುಗಿದಿರಬೇಕು, ಮತ್ತೆ ಮೊದಲಿಂದ ಓದುತ್ತಿರಬೇಕು, ಹಾಳೆ ತಿರುಗಿಸು ಅಕ್ಕ, ದಾಟಿಹೋಗು, ಹೊಸ ತಂತ್ರ ಅಂದುಕೋ — ಗಿಳಿ. ಹೂಂ ಅಕ್ಕ. ಇಲ್ಲಿ ಬಾ. ಬಂದ. ಅಕ್ಕ ಅಳುತ್ತಿಲ್ಲ, ಬೆರಳು ಆ ಸಾಲಿನ ಮೇಲಿದೆ, ಗಿರಾಕಿಯ ಅಳತೆ ಓದುವಾಗಿನ ಮುಖ, ಫೋನ್ ಯಾಕೋ, ಇಲ್ಲೇ ಇದೀನಲ್ಲ, ಬಾಯಿ ಬಿಡ್ತೀನಿ ಕೂತ್ಕೋ, ಅಕ್ಕ ಅದು, ಕೂತ್ಕೋ ಅಂದೆ, ಅಮ್ಮ ನಗಲಿಲ್ಲ ಕಣೋ, ನೀನು ನಗಿಸಿದೀಯ, ಉಸಿರು ನಿಂತಮೇಲೂ ಚಮಚ ಬಿಡಲಿಲ್ಲ ಅವಳು, ನೀನು ದಾರೀಲಿದ್ದೆ, ಬಂದು ಹಾಗೆ ನೋಡಬಾರದು, ತಡಕೊಳ್ಳಲ್ಲ ನಮ್ಮ ಗಿಳಿ ಅಂತ ನಾನೇ ಎಳೆದೆ, ಬರಲಿಲ್ಲ, ಎರಡೂ ಕೈಲಿ ಹಿಡಿದು ಎಳೆದೆ, ಹಲ್ಲೂ ಬಂತು, ಚಮಚದ ಜೊತೆಗೇ ಬಂತು, ಅದಕ್ಕೇ ಕಣೋ ಅಷ್ಟು ಬಿಗಿಯಾಗಿ ಬಟ್ಟೆ ಕಟ್ಟಿದ್ದು, ಬಾಯಿ ನಿನಗೆ ಕಾಣದಿರಲಿ ಅಂತ, ಭಾವಂಗೂ ಹೇಳಿಲ್ಲ ನಾನು, ಸಾಕಾ, ಇನ್ನೂ ಬೇಕಾ, ಬರ್ಕೋ — ಕಾಲು ಹಿಡಿಯಬೇಕು, ಈಗ, ಈ ಕ್ಷಣ ಅಕ್ಕನ ಕಾಲು ಹಿಡಿಯಬೇಕು, ಕೈ ಎದ್ದಿತು, ಎದ್ದ ಕೈ ಕಾಲಿನ ಕಡೆ ಹೋಗಲಿಲ್ಲ, ಅಂಗಿಯ ಜೇಬಿನ ಕಡೆ ಹೋಯಿತು, ಬೆರಳಿಗೆ ಪೆನ್ನು ತಗುಲಿತು, ಅಕ್ಕ ಆ ಕೈಯನ್ನೇ ನೋಡುತ್ತಿದ್ದಾಳೆ, ಮೇಲಿನ ಹಲ್ಲೋ ಕೆಳಗಿನದೋ ಅಂತ ನಾಲಿಗೆಯ ತುದಿಗೆ ಬಂದುಬಿಟ್ಟಿದೆ, ನುಂಗು, ನುಂಗು, ನುಂಗಿದರೂ ಇಳಿಯುತ್ತಿಲ್ಲ, ಸಣ್ಣ ಸ್ಟೀಲ್ ಚಮಚ, ಸೊಟ್ಟ ಹಿಡಿ, ಅದರ ಕುಳಿಯಲ್ಲಿ ಒಂದು ತೊಟ್ಟು ನೀರು, ನೀರಿನಲ್ಲಿ ಹಲ್ಲು, ಚಮಚ, ಅಮ್ಮನ ಹಲ್ಲು, ಚಮಚ